ಎಂಟನೆಯ ಹಲಗೆ

ನಮ್ಮಪ್ಪನ ಬಗ್ಗೆ ಊರಿನಲ್ಲಿ ಯಾರನ್ನಾದರೂ ಕೇಳಿ, ಒಂದೇ ಮಾತು ಹೇಳುತ್ತಾರೆ: ಗುಡ್ಡೆ ಮುಳುಗಿಸಿದವನು. ಮೂವತ್ತಾರು ವರ್ಷ ಅವನು ಕೆರೆಯ ತೂಬು ಕಾಯ್ದದ್ದು ಯಾರ ಬಾಯಲ್ಲೂ ಬರುವುದಿಲ್ಲ. ಒಂದು ಬೆಳಗ್ಗೆ ಕೆಂಗಾಲು ಹಕ್ಕಿಗಳ ಮೊಟ್ಟೆಯೆಲ್ಲ ನೀರುಪಾಲಾದದ್ದು ಮಾತ್ರ ಬರುತ್ತದೆ. ಊರವರನ್ನು ಬೈದು ಪ್ರಯೋಜನವಿಲ್ಲ. ತಪ್ಪು ತನ್ನದೆಂದು ಅವರಿಗೆ ಹೇಳಿದವನು ಅಪ್ಪನೇ. ಅವನು ಸುಳ್ಳು ಹೇಳಿದ, ನಾನು ನಿಜ ನುಂಗಿಕೊಂಡು ಕೂತೆ. ಆ ಎಂಟನೆಯ ಹಲಗೆಯನ್ನು ತೂಬಿಗೆ ಹಾಕಿದ ಕೈ ನನ್ನದು.

ಮೊದಲು ತೂಬಿನ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ಕೆರೆಯ ನೀರು ಹೊರಗೆ ಹೋಗುವ ಜಾಗದಲ್ಲಿ ಎರಡು ಕಲ್ಲುಕಂಬಗಳಿವೆ. ಕಂಬಗಳ ಒಳಮೈಯಲ್ಲಿ ಮೇಲಿನಿಂದ ತಳದವರೆಗೆ ಒಂದೊಂದು ಸೀಳು. ಆ ಸೀಳುಗಳಲ್ಲಿ ಹಲಗೆಗಳನ್ನು ಒಂದರ ಮೇಲೊಂದು ಕೂರಿಸುತ್ತಾರೆ. ಒಟ್ಟು ಒಂಬತ್ತು ಹಲಗೆ, ಒಂದೊಂದೂ ಒಂದು ಗೇಣು ಎತ್ತರ. ಸಂದುಗಳಿಗೆ ಒಣಹುಲ್ಲು ಕಲಸಿದ ಜೇಡಿಮಣ್ಣು ಮೆತ್ತುತ್ತಾರೆ. ಇಷ್ಟೇ ಯಂತ್ರ. ಇದನ್ನು ನಡೆಸಲು ಎರಡು ಮಾತು ಸಾಕು. ‘ಎತ್ತು’ ಎಂದರೆ ಕೊಕ್ಕೆ ಹಾಕಿ ಒಂದು ಹಲಗೆಯನ್ನು ಮೇಲಕ್ಕೆತ್ತಿ ತೆಗೆ. ‘ಇಳಿಸು’ ಎಂದರೆ ಒಂದು ಹಲಗೆಯನ್ನು ಸೀಳಿನಲ್ಲಿ ಕೆಳಗೆ ಬಿಡು. ಹಲಗೆ ಎತ್ತಿದರೆ ನೀರು ಇಳಿಯುತ್ತದೆ, ಹಲಗೆ ಇಳಿಸಿದರೆ ನೀರು ಏರುತ್ತದೆ. ಅ ಆ ಇ ಈ ಕಲಿಯುವುದಕ್ಕೆ ಮೊದಲು ನಾನು ಕಲಿತದ್ದು ಇದನ್ನೇ.

ಅಪ್ಪ ಕುಳ್ಳ. ಕೊಕ್ಕೆ ಹಿಡಿದು ನಿಂತರೆ ಕೊಕ್ಕೆಯೇ ಅವನಿಗಿಂತ ಒಂದು ಮೊಳ ಉದ್ದ. ಹಲಗೆ ಎತ್ತುವವನು ದೊಡ್ಡ ಆಳಿರಬೇಕು ಎಂದುಕೊಂಡು ಬಂದವರಿಗೆ ಅವನನ್ನು ನೋಡಿ ನಗು ಬರುತ್ತಿತ್ತು. ಇದು ತೋಳಿನ ಕೆಲಸವಲ್ಲ, ಹೊತ್ತು ನೋಡಿ ಮಾಡುವ ಕೆಲಸ ಎಂದು ಅವನು ಹೇಳುತ್ತಿದ್ದ. ನೀರು ಒತ್ತತೊಡಗಿದ ಮೇಲೆ ಹಲಗೆ ಸೀಳಿನಲ್ಲಿ ಕಚ್ಚಿಕೊಳ್ಳುತ್ತದೆ. ಆಗ ಆನೆ ಕಟ್ಟಿ ಎಳೆದರೂ ಬರುವುದಿಲ್ಲ. ಆದ್ದರಿಂದ ನೀರು ಬರುವ ಮೊದಲೇ ಎತ್ತಬೇಕು. ನಮ್ಮ ಕೆರೆಗೆ ಮೇಲೆ ಇನ್ನೊಂದು ದೊಡ್ಡ ಕೆರೆ ಇದೆ. ಅಲ್ಲಿಯ ತೂಬು ತೆಗೆಯುವ ಮೊದಲು ಅಲ್ಲಿನ ಕಾವಲುಗಾರ ಅಪ್ಪನಿಗೆ ಹೇಳಿ ಕಳಿಸುತ್ತಿದ್ದ, ಆಮೇಲಾಮೇಲೆ ಫೋನು ಮಾಡುತ್ತಿದ್ದ. ಇಬ್ಬರೂ ಮುಖ ನೋಡಿದ್ದು ಎರಡೋ ಮೂರೋ ಸಲ. ಆದರೂ ಅಪ್ಪ ಅವನನ್ನು ‘ನಮ್ಮ ಮೇಲಿನ ಮನೆ ಬೀಗರು’ ಎನ್ನುತ್ತಿದ್ದ.

ಊರವರಿಗೆ ಅಪ್ಪ ‘ಹಲಗಣ್ಣ’. ಅವನ ನಿಜವಾದ ಹೆಸರು ಮತದಾರರ ಪಟ್ಟಿಯಲ್ಲಿ ಬಿಟ್ಟರೆ ಬೇರೆಲ್ಲೂ ಬಳಕೆಯಾಗಲಿಲ್ಲ. ಅಮ್ಮನಿಗೂ ಹಲಗೆಗಳಿಗೂ ಸವತಿ ಮತ್ಸರ. “ಹೆಂಡ್ತಿ ಜ್ವರ ಬಂದು ಮಲಗಿದ್ರೂ ಹಲಗೆಗೆ ಮಣ್ಣು ಮೆತ್ತೋಕೆ ಹೋಗ್ತೀರಲ್ಲ, ಅವುಗಳನ್ನೇ ಕಟ್ಕೋಬೇಕಿತ್ತು” ಎನ್ನುವಳು. “ಅವು ತಿರುಗಿ ಮಾತಾಡಲ್ಲ ಕಣೇ, ಆವತ್ತೇ ಹೊಳೆದಿದ್ರೆ ಕಟ್ಕೋತಿದ್ದೆ” ಎಂದು ಅಪ್ಪ ಚಪ್ಪಲಿ ಮೆಟ್ಟಿಕೊಂಡು ಹೊರಡುವನು.

ಕೆರೆಯ ನಡುವೆ ಒಂದು ಗುಡ್ಡೆ ಇದೆ. ಇದೆ ಅನ್ನಬೇಕೋ ಇತ್ತು ಅನ್ನಬೇಕೋ ತಿಳಿಯದು. ಹಿಂದೆ ಯಾವಾಗಲೋ ಏರಿ ದುರಸ್ತಿ ಮಾಡುವಾಗ ಮಣ್ಣು ತಂದು ಸುರಿದು ಹಾಗೇ ಬಿಟ್ಟದ್ದು. ಅದರ ಬೋಳು ನೆಲದ ಮೇಲೆ ವರ್ಷಕ್ಕೊಮ್ಮೆ ಕೆಂಗಾಲು ಹಕ್ಕಿಗಳು ಬಂದು ಮೊಟ್ಟೆ ಇಡುತ್ತಿದ್ದವು. ಕಪ್ಪು ಬಿಳಿ ಮೈ, ಮೈಗಿಂತ ಉದ್ದದ ಕೆಂಪು ಕಾಲು. ಗೂಡೆಂದರೆ ನೆಲದಲ್ಲಿ ಒಂದು ತಗ್ಗು, ಅದರಲ್ಲಿ ಮಣ್ಣಿನ ಬಣ್ಣದ ನಾಲ್ಕು ಮೊಟ್ಟೆ. ನನ್ನ ಚಿಕ್ಕಂದಿನಲ್ಲಿ ಆ ಮೊಟ್ಟೆಗಳನ್ನು ಎಲ್ಲರೂ ತಿನ್ನುತ್ತಿದ್ದರು. ನಾವೂ ತಿಂದಿದ್ದೇವೆ. ಅಪ್ಪ ರುಮಾಲಿನಲ್ಲಿ ಕಟ್ಟಿಕೊಂಡು ತರುತ್ತಿದ್ದ. ಸುಳ್ಳು ಯಾಕೆ ಹೇಳಲಿ, ರುಚಿಯಾಗಿಯೇ ಇರುತ್ತಿತ್ತು.

ಒಂದು ವರ್ಷ ಶಾಲೆಯ ಮೇಷ್ಟ್ರು ಎಣಿಸಿ ನೋಡಿದರು. ಇವರನ್ನು ನಾವು ಟೋಪಿ ಮೇಷ್ಟ್ರು ಎನ್ನುತ್ತೇವೆ. ಟೋಪಿ ತೆಗೆದರೆ ನಾವ್ಯಾರೂ ಗುರುತು ಹಿಡಿಯಲಾರೆವು. ಗುಡ್ಡೆಯ ಮೇಲೆ ಬರೀ ಹನ್ನೊಂದು ಗೂಡು. ಮೇಷ್ಟ್ರು ಮನೆಮನೆಗೆ ಹೋಗಿ ಜಗಳವಾಡಿದರು, ಹೊಗಳಿದರು, ಅತ್ತರು ಎಂದೂ ಹೇಳುತ್ತಾರೆ. ಕೊನೆಗೆ ಊರು ಒಪ್ಪಿತು. ಗುಡ್ಡೆಯ ಮೇಲೆ ಕಾಲಿಡಬಾರದು. ಮೊಟ್ಟೆ ಇಟ್ಟ ದಿನದಿಂದ ಮರಿ ಹಾರುವವರೆಗೆ ನಾಯಿಗಳನ್ನು ಕಟ್ಟಬೇಕು. ದೋಣಿಯವನು ಗುಡ್ಡೆಯ ಸುತ್ತ ಹಗ್ಗ ಎಳೆದು ಬಟ್ಟೆಚೂರು ಕಟ್ಟಿದ, ಅದರೊಳಗೆ ದೋಣಿ ಹೋಗಬಾರದು. ಅಪ್ಪನ ಪಾಲಿಗೆ ಬಂದದ್ದು ನೀರು. ಏಳು ಹಲಗೆ ಇದ್ದರೆ ಗುಡ್ಡೆಯ ಸುತ್ತ ನೀರು, ಮೇಲೆ ಒಣನೆಲ. ನೀರು ಒಂದು ಗೇಣು ತಗ್ಗಿದರೆ ದಡಕ್ಕೂ ಗುಡ್ಡೆಗೂ ನಡುವೆ ಕೆಸರಿನ ದಾರಿ ತೆರೆದುಕೊಂಡು ನಾಯಿ, ನರಿ ನಡೆದು ಹೋಗುತ್ತವೆ. ಒಂದೂವರೆ ಗೇಣು ಏರಿದರೆ ಮೊಟ್ಟೆ ತೇಲುತ್ತವೆ. ಆ ನಡುವಿನ ಜಾಗದಲ್ಲಿ ಅಪ್ಪ ಕೆರೆಯನ್ನು ಹಿಡಿದಿಟ್ಟ. ಹಕ್ಕಿ ಕೂತಿರುವಷ್ಟು ದಿನ ಅವನೂ ಏರಿಯ ಮೇಲೆಯೇ ಕೂತಿರುತ್ತಿದ್ದ. ಅಮ್ಮ ಬುತ್ತಿ ತಂದು ಕೊಡುವಾಗ “ನಿಮ್ಮ ಕೆಳಗೂ ನಾಲ್ಕು ಇಡ್ಲಾ?” ಎಂದು ಕೇಳುತ್ತಿದ್ದಳು.

ಹನ್ನೊಂದು ಗೂಡು ಮರುವರ್ಷ ಮೂವತ್ತಾಯಿತು, ಹತ್ತು ವರ್ಷದಲ್ಲಿ ನಾನೂರು ದಾಟಿತು. ಮೊಳದುದ್ದದ ಕ್ಯಾಮೆರಾ ಹೊತ್ತ ಜನ ಬರತೊಡಗಿದರು. ಏರಿಯ ಪಕ್ಕದಲ್ಲಿ ಮರದ ಅಟ್ಟಣೆ ಎದ್ದಿತು. ಏಳೆಂಟು ಮನೆಯವರು ಒಂದೊಂದು ಕೋಣೆಗೆ ಸುಣ್ಣ ಬಳಿದು ಬಂದವರಿಗೆ ಕೊಟ್ಟರು. ದೋಣಿಯವನು ಮೀನು ಬಿಟ್ಟು ಮನುಷ್ಯರನ್ನು ಸಾಗಿಸತೊಡಗಿದ. “ಮೀನು ಪಾಪ ಒಂದೂ ಪ್ರಶ್ನೆ ಕೇಳ್ತಿರಲಿಲ್ಲ” ಎನ್ನುವನು. ಓದು ಮುಗಿಸಿ ಬಂದ ನಾನು ಬಂದವರಿಗೆ ಹಕ್ಕಿ ತೋರಿಸುವವಳಾದೆ, ಕೆರೆ ಸಮಿತಿಯ ಕಾರ್ಯದರ್ಶಿಯೂ ಆದೆ. ಕುತ್ತಿಗೆಗೆ ದುರ್ಬೀನು ನೇತುಹಾಕಿಕೊಂಡು ಏರಿಯ ಮೇಲೆ ನಡೆದರೆ ನೆಲ ಸ್ವಲ್ಪ ಕೆಳಗೇ ಇದೆ ಅನಿಸುತ್ತಿತ್ತು. ಆ ಕೊಬ್ಬಿಗೆ ಬೆಲೆ ತೆತ್ತವನು ಅಪ್ಪ.

ಒಂದು ಸಲ ದೂರದಿಂದ ಒಬ್ಬ ಸಂಶೋಧಕಿ ಬಂದಿದ್ದಳು. ಕೆರೆಯ ನೀರಿನ ಮಟ್ಟಕ್ಕೂ ಗೂಡುಗಳಿಗೂ ಇರುವ ಸಂಬಂಧವನ್ನು ಬರೆಯುತ್ತಿದ್ದಳು. ಅಪ್ಪನನ್ನು ಕೇಳಿದಳು. ಅಪ್ಪ ಅವನ ಭಾಷೆಯಲ್ಲಿ ಹೇಳಿದ: ಸೋಮವಾರ ಒಂದು ಎತ್ತಿದೆ, ಶುಕ್ರವಾರ ಒಂದು ಇಳಿಸಿದೆ. ಅವಳು ಎತ್ತಿದ್ದನ್ನು ನೀರು ಏರಿದ್ದೆಂದೂ ಇಳಿಸಿದ್ದನ್ನು ನೀರು ಇಳಿದದ್ದೆಂದೂ ಬರೆದುಕೊಂಡಳು. ಒಂದು ಇಡೀ ಹಂಗಾಮಿನ ಬರಹ ತಲೆಕೆಳಗಾಯಿತು. ಅದು ಗೊತ್ತಾದಾಗ ಅವಳು ನಕ್ಕಳು. ನನಗೆ ಮಾತ್ರ ಅವಮಾನವಾಯಿತು. ಬಂದವರೆಲ್ಲರ ಎದುರಿಗೆ ಅಪ್ಪನ ಮೇಲೆ ಹರಿಹಾಯ್ದೆ.

“ಅಪ್ಪ, ಇನ್ಮೇಲೆ ಈ ಹಲಗೆ ಮಾತು ಬಿಡು. ನೀರಿನ ಮಾತಾಡು. ನೀರು ಏರಿಸು, ನೀರು ಇಳಿಸು. ನಾಲ್ಕು ಜನಕ್ಕೆ ಅರ್ಥ ಆಗೋ ಹಾಗೆ.”

“ನಾನು ಮುಟ್ಟೋದು ಹಲಗೇನ ಅಲ್ವೇನಮ್ಮ” ಎಂದ ಅಪ್ಪ.

“ಮುಟ್ಟೋದು ಹಲಗೆ ಆದ್ರೂ ಆಗೋದು ನೀರಿಗೆ.”

“ಸರಿ, ಮೇಡಮ್ಮೋರು ಹೇಳಿದ ಮೇಲೆ ಆಯ್ತು.”

ಅವನು ಸುಮ್ಮನೆ ಒಪ್ಪಿಕೊಂಡದ್ದಲ್ಲ, ಕಲಿತ. ಐವತ್ತೆಂಟನೆಯ ವಯಸ್ಸಿನಲ್ಲಿ ಕೂತು ಹೊಸದಾಗಿ ಮಾತು ಕಲಿತ. ಊಟಕ್ಕೆ ಕೂತಾಗ ನನ್ನ ಮುಖ ನೋಡಿ ಒಪ್ಪಿಸುತ್ತಿದ್ದ. “ಇವತ್ತು ನೀರು ಒಂದು ಇಳಿಸಿದೆ. ಅಂದ್ರೆ ಹಲಗೆ ಒಂದು ಎತ್ತಿದೆ. ಸರಿ ಹೇಳಿದ್ನಾ?” ನಾನು ಸರಿ ಎನ್ನುತ್ತಿದ್ದೆ. ಅಮ್ಮ ತಲೆ ಚಚ್ಚಿಕೊಳ್ಳುವಳು. “ಎತ್ತಿದ್ದಕ್ಕೆ ಇಳಿಸಿದೆ ಅಂತೆ, ಇಳಿಸಿದ್ದಕ್ಕೆ ಏರಿಸಿದೆ ಅಂತೆ. ಅಪ್ಪ ಮಗಳು ಸೇರ್ಕೊಂಡು ನನಗೆ ಹುಚ್ಚು ಹಿಡಿಸ್ತೀರಿ.” ಮೊದಮೊದಲು ತಪ್ಪುತ್ತಿದ್ದ, ತಪ್ಪಿದಾಗ ನಾಲಿಗೆ ಕಚ್ಚಿಕೊಳ್ಳುತ್ತಿದ್ದ. ವರ್ಷ ಕಳೆಯುವ ಹೊತ್ತಿಗೆ ಒಮ್ಮೆಯೂ ತಪ್ಪದಂತಾದ. ಅದನ್ನು ನೋಡಿ ನಾನು ಹೆಮ್ಮೆಪಟ್ಟೆ.

ಮರುವರ್ಷ ಹಕ್ಕಿಗಳು ಕಾವಿಗೆ ಕೂತು ಇಪ್ಪತ್ತು ದಿನವಾಗಿತ್ತು. ಇನ್ನು ಐದಾರು ದಿನಕ್ಕೆ ಮರಿ. ಅಪ್ಪನ ಎಡಗಣ್ಣಿನಲ್ಲಿ ಪೊರೆ ಬೆಳೆದು ಪೂರ್ತಿ ಮಬ್ಬಾಗಿತ್ತು. ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ದಿನ ಸಿಕ್ಕಿದ್ದು ಆಗಲೇ. ಅವನು ಹೋಗಲು ಒಪ್ಪಲಿಲ್ಲ. ಒಪ್ಪಿಸಿದವಳು ನಾನೇ. “ಎರಡು ದಿನ ತೂಬು ನಾನು ನೋಡ್ಕೋತೀನಿ, ನಿನ್ನ ಮಗಳೇ ತಾನೆ” ಎಂದೆ. ಬಸ್ಸು ಹತ್ತುವಾಗಲೂ ಅವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದ್ದು ಕಣ್ಣಿನ ವಿಷಯವಲ್ಲ. “ಸಂದಿಗೆ ಮಣ್ಣು ಮೆತ್ತೋದು ಮರೀಬೇಡ.”

ಎರಡನೆಯ ದಿನ ಬೆಳಗ್ಗೆ ನಾನು ಏರಿಯ ಮೇಲೆ ನಿಂತು ನೋಡಿದೆ. ವಾರದಿಂದ ಬಿಸಿಲು ಚುರುಕಾಗಿತ್ತು, ನೀರು ಸ್ವಲ್ಪ ತಗ್ಗಿತ್ತು. ಗುಡ್ಡೆಯಿಂದ ದಡದ ಕಡೆಗೆ ಕೆಸರಿನ ಒಂದು ನಾಲಿಗೆ ಹೊರಬಂದಿತ್ತು. ಇನ್ನೂ ನಾಲ್ಕು ಬೆರಳು ತಗ್ಗಿದರೆ ನಾಯಿಗೆ ದಾರಿಯಾಗುತ್ತದೆ. ಏಳು ಹಲಗೆ ಇದ್ದವು, ಇನ್ನೊಂದು ಹಾಕಿದರೆ ಒಳ್ಳೆಯದೇನೋ, ಅಪ್ಪನನ್ನು ಕೇಳೋಣ ಎಂದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಅವನದೇ ಫೋನು ಬಂತು. ಹಿಂದೆ ಆಸ್ಪತ್ರೆಯ ಗದ್ದಲ, ಯಾರೋ ನರ್ಸಮ್ಮ ಫೋನು ಇಡಿ ಇಡಿ ಎನ್ನುತ್ತಿದ್ದಳು.

“ತೂಬಿನ ಹತ್ರ ಇದ್ದೀಯಾ?”

“ಇಲ್ಲೇ ಇದ್ದೀನಪ್ಪ. ಕಣ್ಣು ಹೇಗಿದೆ?”

“ಕಣ್ಣು ಇರ್ಲಿ. ಒಂದು ಇಳಿಸಮ್ಮ, ಈಗಲೇ.”

“ಒಂದೇ ಸಾಕಾ?”

“ಒಂದು ಸಾಕು.”

ಫೋನು ಕಡಿದುಹೋಯಿತು. ಎಷ್ಟು ಎಂದು ಕೇಳಿದೆ, ಏನು ಎಂದು ಕೇಳಲಿಲ್ಲ.

ಮೇಲಿನ ಕೆರೆಯವನು ಅವತ್ತು ಬೆಳಗ್ಗೆ ಅಪ್ಪನಿಗೆ ಆಸ್ಪತ್ರೆಗೇ ಫೋನು ಮಾಡಿದ್ದ. ಸಂಜೆಗೆ ತೂಬು ತೆಗೆಯುತ್ತೇವೆ, ನೀರು ಬರುತ್ತದೆ ಎಂದಿದ್ದ. ಅಪ್ಪನ ಒಂದು ಕಣ್ಣಿಗೆ ಪಟ್ಟಿ, ಇನ್ನೊಂದಕ್ಕೆ ಔಷಧಿ. ಆ ಸ್ಥಿತಿಯಲ್ಲೂ ಅವನಿಗೆ ನೆನಪಿದ್ದದ್ದು ಮಗಳು ಕಲಿಸಿದ ಪಾಠ. ತಪ್ಪಾಗಬಾರದು ಎಂದು ನೀರಿನ ಮಾತಿನಲ್ಲಿ ಹೇಳಿದ. ನೀರು ಒಂದು ಗೇಣು ಇಳಿಸು, ಹಲಗೆ ಒಂದು ತೆಗೆ ಎಂಬುದು ಅವನ ಅರ್ಥ. ಅಪ್ಪ ‘ಎತ್ತು’ ಎಂದಿದ್ದರೆ ನಾನು ನಿದ್ದೆಯಲ್ಲೂ ಎತ್ತುತ್ತಿದ್ದೆ.

ನನಗೋ, ಏರಿಯ ಮೇಲೆ ಕೊಕ್ಕೆ ಕೈಯಲ್ಲಿ ಹಿಡಿದು, ಕಾಲಿಗೆ ಕೆಸರು ಮೆತ್ತಿಕೊಂಡು, ಅಪ್ಪನ ದನಿ ಕಿವಿಗೆ ಬಿದ್ದಾಗ ಸಮಿತಿಯೂ ನೆನಪಾಗಲಿಲ್ಲ, ಸಂಶೋಧಕಿಯೂ ನೆನಪಾಗಲಿಲ್ಲ. ನಾನು ಕಲಿಸಿದ ಮಾತನ್ನು ನಾನೇ ಮರೆತೆ. ತೂಬಿನ ಹತ್ತಿರ ಅಪ್ಪ ‘ಇಳಿಸು’ ಎಂದರೆ ಹುಟ್ಟಿದಾಗಿನಿಂದ ನನಗೆ ಒಂದೇ ಅರ್ಥ. ಎಂಟನೆಯ ಹಲಗೆಯನ್ನು ಎತ್ತಿ ತಂದು ಸೀಳಿಗೆ ಕೂರಿಸಿ ಕೆಳಗೆ ಬಿಟ್ಟೆ. ಕಾಲಿನಿಂದ ಒತ್ತಿದೆ. ಅಪ್ಪ ಹೇಳಿದ್ದನಲ್ಲ ಎಂದು ಸಂದಿಗೆ ಮಣ್ಣನ್ನೂ ಮೆತ್ತಿದೆ, ಒಂದು ಹನಿ ಸೋರದ ಹಾಗೆ.

ಮರುದಿನ ಬೆಳಕು ಹರಿಯುವಾಗ ದೋಣಿಯವನು ಬಾಗಿಲು ಬಡಿದ. ಕೆರೆಯ ಕಡೆ ಕೈ ತೋರಿಸಿದ. ನಾನು ಓಡಿದೆ. ಗುಡ್ಡೆ ಇರಲಿಲ್ಲ. ಅದರ ಮೇಲೆ ನೀರು ಸಪಾಟಾಗಿ ನಿಂತಿತ್ತು. ಮೇಲೆಲ್ಲ ಕೆಂಗಾಲು ಹಕ್ಕಿಗಳು, ಎಂಟುನೂರು ಇರಬೇಕು, ಕಿರುಚುತ್ತ ಸುತ್ತುತ್ತಿದ್ದವು. ಕೆಳಗೆ ಮೊಟ್ಟೆಗಳು. ಕಾವು ತುಂಬುತ್ತ ಬಂದ ಮೊಟ್ಟೆ ನೀರಿನಲ್ಲಿ ತೇಲುತ್ತದೆ. ಗಾಳಿಗೆ ಮೆಲ್ಲಗೆ ದಡಕ್ಕೆ ಬಂದು ಏರಿಯ ಕಲ್ಲುಗಳಿಗೆ ತಾಗುತ್ತಿದ್ದವು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಮ್ಮ ಊರಿನಲ್ಲಿ ಎರಡೂ ಒಂದೇ ದಿನ ಹೋದವು.

ಹಲಗೆ ತೆಗೆಯಲು ಹೋದೆ. ಕಚ್ಚಿಕೊಂಡಿದ್ದವು. ನಾಲ್ಕು ಜನ ಸೇರಿ ಕೊಕ್ಕೆಗೆ ಹಗ್ಗ ಕಟ್ಟಿ ಎಳೆದೆವು. ನನ್ನ ಅಂಗೈ ಕಿತ್ತು ಹೋಯಿತು. ನಾನು ಮೆತ್ತಿದ ಮಣ್ಣನ್ನು ನಾನೇ ಉಗುರಿನಿಂದ ಕೆರೆದೆ. ಮಧ್ಯಾಹ್ನದ ಹೊತ್ತಿಗೆ ಮೂರು ಹಲಗೆ ಬಂದವು. ಆದರೆ ಇಡೀ ಕೆರೆ ಒಂದು ಗೇಣು ಇಳಿಯಲು ಮೂರು ದಿನ ಬೇಕು. ಅಟ್ಟಣೆಯ ಮೇಲೆ ಬಂದವರು ನಿಂತಿದ್ದರು. ಅವರಲ್ಲೊಬ್ಬ ತೇಲುವ ಮೊಟ್ಟೆಯ ಚಿತ್ರ ತೆಗೆದ. ನಮ್ಮ ಹಕ್ಕಿಗಳ ಬೇರೆ ಯಾವ ಚಿತ್ರವನ್ನೂ ಅಷ್ಟು ಜನ ನೋಡಲಿಲ್ಲ. ಆವತ್ತು ಅವನನ್ನು ಏರಿಯಿಂದ ತಳ್ಳಿಬಿಡಬೇಕು ಅನಿಸಿತ್ತು. ತಳ್ಳಲು ನನಗೆ ಯಾವ ಮುಖ?

ಅಪ್ಪ ಸಂಜೆ ಬಸ್ಸಿಗೆ ಬಂದ. ಕಣ್ಣಿಗೆ ಕಪ್ಪು ಕನ್ನಡಕ. ಸುದ್ದಿ ಬಸ್ಸಿನಲ್ಲೇ ತಿಳಿದಿತ್ತು. ಮನೆಗೆ ಬಾರದೆ ನೇರ ತೂಬಿಗೆ ಬಂದ. ಹೊರಗೆ ಬಿದ್ದ ಹಲಗೆಗಳನ್ನು ಕೈಯಿಂದ ಮುಟ್ಟಿ ಎಣಿಸಿದ. ಸೀಳಿನಲ್ಲಿದ್ದವನ್ನು ಬಗ್ಗಿ ಎಣಿಸಿದ.

“ಎಷ್ಟಿತ್ತು?” ಎಂದ.

“ಎಂಟು.”

ನನ್ನ ಕಡೆ ತಿರುಗದೆಯೇ ಹೇಳಿದ, “ನಾನು ಇಳಿಸು ಅಂದೆ.”

“ಹೂಂ.”

“ನೀರಿನ ಮಾತಲ್ಲಿ ಅಂದೆ ಕಣಮ್ಮ. ನೀನು ಹೇಳಿಕೊಟ್ಟ ಹಾಗೇನೇ ಅಂದೆ.”

“ನಾನು ಹಲಗೆ ಮಾತಲ್ಲಿ ಕೇಳಿಸ್ಕೊಂಡೆ ಅಪ್ಪ.”

ಅವನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಕಪ್ಪು ಕನ್ನಡಕದ ಕೆಳಗಿನಿಂದ ನೀರು ಇಳಿಯಿತು. ಅಳಬಾರದು, ಕಣ್ಣಿಗೆ ಕೆಟ್ಟದ್ದು ಎಂದು ಡಾಕ್ಟರು ಹೇಳಿ ಕಳಿಸಿದ್ದರಂತೆ.

ನೀರು ತಗ್ಗಿದ ಮೇಲೆ ದೋಣಿಯವನ ಜೊತೆ ಇಬ್ಬರೂ ಗುಡ್ಡೆಗೆ ಹೋದೆವು. ಅಲ್ಲಿ ನಾನು ಕಂಡದ್ದು ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಗೂಡುಗಳು ಎತ್ತರವಾಗಿದ್ದವು. ನೀರು ಏರುತ್ತಿದ್ದಂತೆ ಹಕ್ಕಿಗಳು ಕಡ್ಡಿ, ಹುಲ್ಲು, ಜೊಂಡಿನ ಚೂರು, ಏನು ಸಿಕ್ಕಿತೋ ಅದನ್ನು ಮೊಟ್ಟೆಗಳ ಅಡಿಗೆ ತುರುಕಿ ತುರುಕಿ ಗೂಡನ್ನು ಏರಿಸಿದ್ದವು. ಕೆಲವು ಬೆರಳುದ್ದ, ಕೆಲವು ಹೆಚ್ಚುಕಡಿಮೆ ಒಂದು ಗೇಣು. ನಾನು ಮನೆಯಲ್ಲಿ ಮಲಗಿದ್ದಾಗ ಅವು ಒಂದೊಂದೇ ಕಡ್ಡಿ ತಂದು ನನ್ನ ಹಲಗೆಯ ವಿರುದ್ಧ ಕಟ್ಟುತ್ತಿದ್ದವು. ಅಪ್ಪ ಒಂದು ಗೂಡನ್ನು ಎರಡೂ ಕೈಯಲ್ಲಿ ಮುಟ್ಟಿ ನೋಡಿದ. “ಇವಕ್ಕೆ ಗೊತ್ತಿತ್ತು ಕೆಲಸ” ಎಂದ.

ವಾರದ ಕೊನೆಗೆ ಸಮಿತಿ ಸೇರಿತು. ಶಾಲೆಯ ಕೋಣೆ, ಮಕ್ಕಳ ಬೆಂಚು, ದೊಡ್ಡವರೆಲ್ಲ ಮಂಡಿ ಮಡಿಚಿ ಕೂತಿದ್ದರು. ಟೋಪಿ ಮೇಷ್ಟ್ರು ಟೋಪಿ ತೆಗೆದು ಮೇಜಿನ ಮೇಲಿಟ್ಟಿದ್ದರು. ಎಂಟನೆಯ ಹಲಗೆ ಹೇಗೆ ಬಂತು ಎಂದು ಕೇಳಿದರು. ನಾನು ಎದ್ದು ನಿಂತೆ. ಅಷ್ಟರಲ್ಲಿ ಅಪ್ಪ ಕೂತಲ್ಲಿಂದಲೇ ಹೇಳಿದ, “ನಾನೇ ಹಾಕು ಅಂದೆ. ಕಣ್ಣಿಗೆ ಔಷಧಿ ಹಾಕಿದ್ರು, ತಲೆ ಮಂಕಾಗಿತ್ತು. ಮೇಲಿನ ಕೆರೆ ಮಾತು ಮರೆತೆ. ಅವಳು ನಾನು ಹೇಳಿದ್ದು ಮಾಡಿದ್ಲು.”

“ಹಾಗಲ್ಲ ಮೇಷ್ಟ್ರೇ…” ಎಂದೆ.

“ನೀನು ಕೂತ್ಕೋ” ಎಂದ ಅಪ್ಪ. ಹುಟ್ಟಿದಾಗಿನಿಂದ ಅವನು ನನ್ನ ಮೇಲೆ ದನಿ ಎತ್ತಿದ್ದು ಅದೊಂದೇ ಸಲ.

ನಾನು ಕೂತೆ. ಇದಕ್ಕೆ ನೂರು ಕಾರಣ ಕೊಡಬಲ್ಲೆ. ಅಪ್ಪ ಹೇಳಿದ ಎನ್ನಬಹುದು, ಬಂದವರು ಮತ್ತೆ ಬರಬೇಕಾದರೆ ಹಕ್ಕಿ ತೋರಿಸುವವಳ ಮೇಲೆ ನಂಬಿಕೆ ಇರಬೇಕು ಎನ್ನಬಹುದು. ಯಾವುದೂ ಅಲ್ಲ. ನನಗೆ ಹೆದರಿಕೆಯಾಯಿತು, ಕೂತೆ. ಕೂತಾಗ ಒಂದು ಗಳಿಗೆ ಹಗುರವೂ ಆಯಿತು. ಆ ಹಗುರಕ್ಕೆ ನಾನು ನನ್ನನ್ನು ಕ್ಷಮಿಸಿಲ್ಲ.

ತಿಂಗಳೊಳಗೆ ಯಾರೋ ತಮಾಷೆಗೆ ‘ಮುಳುಗಣ್ಣ’ ಎಂದರು. ಹೆಸರು ಅಂಟಿಕೊಂಡಿತು. ಹಲಗಣ್ಣ ಎಂಬುದಕ್ಕೆ ಮೂವತ್ತು ವರ್ಷ ಹಿಡಿದಿತ್ತು, ಇದಕ್ಕೆ ಮೂವತ್ತು ದಿನ ಸಾಕಾಯಿತು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಎದುರಿಗೇ ಕರೆಯುತ್ತಿದ್ದರು. ಅವನು ‘ಏನಪ್ಪ’ ಎಂದು ಓಗೊಡುತ್ತಿದ್ದ.

ಮರುವರ್ಷ ನಲವತ್ತರಷ್ಟು ಹಕ್ಕಿ ಬಂದವು. ಗುಡ್ಡೆಯ ಮೇಲೆ ಎರಡು ದಿನ ಸುತ್ತಿದವು, ಕೂರಲಿಲ್ಲ, ಹೋದವು. ನೀರು ನಿಂತ ಗುಡ್ಡೆಯ ಮೇಲೆ ಜೊಂಡು ಎದ್ದಿತ್ತು. ಅವಕ್ಕೆ ಬೋಳು ನೆಲ ಬೇಕು. ಅಪ್ಪ ದೋಣಿ ಕೇಳಿ ಪಡೆದು ಒಬ್ಬನೇ ಹೋಗಿ ಜೊಂಡು ಕಿತ್ತ. ಐದು ವರ್ಷ ಕಿತ್ತ. ಪ್ರತಿ ವರ್ಷ ಗುಡ್ಡೆಯನ್ನು ಅಂಗಳದ ಹಾಗೆ ಸಾಪು ಮಾಡಿ, ಏಳು ಹಲಗೆಗೆ ನೀರು ನಿಲ್ಲಿಸಿ, ಏರಿಯ ಮೇಲೆ ಕೂತು ಕಾದ. ಎರಡನೆಯ ವರ್ಷದಿಂದ ಒಂದು ಹಕ್ಕಿಯೂ ಬರಲಿಲ್ಲ. ಆ ಒಂದು ಪ್ರವಾಹ ಕಾರಣವಲ್ಲ, ಹಕ್ಕಿಗಳು ದಾರಿ ಬದಲಿಸುವುದುಂಟು ಎಂದು ಸಂಶೋಧಕಿ ಬರೆದಳು. ಆ ಕಾಗದವನ್ನು ಓದಿ ಹೇಳಿದೆ. “ಒಳ್ಳೆ ಹುಡುಗಿ” ಎಂದಷ್ಟೇ ಹೇಳಿ ಅಪ್ಪ ಕುಡುಗೋಲು ಮಸೆಯಲು ಹೋದ.

ಬರುವವರು ನಿಂತರು. ಸುಣ್ಣ ಬಳಿದ ಕೋಣೆಗಳಲ್ಲಿ ಮತ್ತೆ ಈರುಳ್ಳಿ ಹರಡಿದರು. ಅಟ್ಟಣೆಯ ಮೆಟ್ಟಿಲು ಒಂದೊಂದಾಗಿ ಯಾರದೋ ಒಲೆ ಸೇರಿತು. ಕಟ್ಟಿದ ನಾಯಿಗಳನ್ನು ಬಿಚ್ಚಿದರು. ನನ್ನ ದುರ್ಬೀನು ಗೂಟಕ್ಕೆ ನೇತುಬಿತ್ತು. ಯಾರೂ ಅಪ್ಪನನ್ನು ಹೊಡೆಯಲಿಲ್ಲ, ಬೈಯಲಿಲ್ಲ. ಕೆಲಸ ಕಳೆದುಕೊಂಡ ಪ್ರತಿಯೊಬ್ಬನೂ ಎದುರು ಸಿಕ್ಕಾಗ ಸ್ವಲ್ಪ ದಾರಿ ಬಿಟ್ಟು ನಡೆಯುತ್ತಿದ್ದ, ಅಷ್ಟೆ.

ನಮ್ಮ ಮನೆಯಲ್ಲಿ ‘ಇಳಿಸು’ ಎಂಬ ಮಾತೇ ಸತ್ತಿತು. ಯಾರೂ ತೀರ್ಮಾನ ಮಾಡಿದ್ದಲ್ಲ. ಅಮ್ಮ ಒಲೆಯ ಮೇಲಿನ ಪಾತ್ರೆಯನ್ನು ‘ಕೆಳಗಿಡು’ ಎನ್ನತೊಡಗಿದಳು. ಜ್ವರ ‘ಕಡಿಮೆ ಆಯ್ತಾ’ ಎಂದು ಕೇಳುತ್ತಿದ್ದೆವು. ಬಸ್ಸಿನಲ್ಲಿ ನಮ್ಮ ಊರು ಬಂದಾಗ ಅಪ್ಪ ಕಂಡಕ್ಟರಿಗೆ ಏನೂ ಹೇಳದೆ ಎದ್ದು ಬಾಗಿಲಲ್ಲಿ ನಿಲ್ಲುತ್ತಿದ್ದ. ಅದು ದಿನಕ್ಕೆ ಎಷ್ಟು ಸಲ ಬೇಕಾಗುವ ಮಾತು ಎಂಬುದು ಅದನ್ನು ಬಿಟ್ಟ ಮೇಲೆಯೇ ಗೊತ್ತಾದದ್ದು.

ಒಂದು ಸಲ, ಅವನು ಜೊಂಡು ಕಿತ್ತು ಬಂದು ಕೈಯ ಗಾಯಕ್ಕೆ ಎಣ್ಣೆ ಹಚ್ಚಿಕೊಳ್ಳುವಾಗ ಕೇಳಿದೆ, “ಅಪ್ಪ, ಎಲ್ಲರ ಮುಂದೆ ಹೇಳಿಬಿಡ್ಲಾ?”

“ಹೇಳಿದ್ರೆ ಮೊಟ್ಟೆ ಮರಿ ಆಗುತ್ತಾ?”

“ನಿನ್ನ ಹೆಸರು ಉಳಿಯುತ್ತೆ.”

“ನನ್ನ ಹೆಸರು ಇಟ್ಕೊಂಡು ನಾನೇನ್ ಮಾಡ್ಲಿ, ಉಪ್ಪಿನಕಾಯಿ ಹಾಕ್ಲಾ? ನೀನಿನ್ನೂ ಈ ಊರಲ್ಲಿ ಬದುಕ್ಬೇಕು.” ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿ ಹೇಳಿದ, “ನೀನು ಹೇಳ್ಕೊಟ್ಟಿದ್ದು ಸರಿಯಾಗೇ ಇತ್ತು. ನಾನು ಕಲಿತಿದ್ದೂ ಸರಿಯಾಗೇ ಇತ್ತು. ಅದೇ ನೋಡು.”

ಆರನೆಯ ವರ್ಷ ಸಮಿತಿ ಕೆರೆಯನ್ನು ಮೀನು ಸಾಕುವವನಿಗೆ ಬಿಟ್ಟಿತು. ಅವನಿಗೆ ವರ್ಷವಿಡೀ ತುಂಬಿದ ಕೆರೆ ಬೇಕು. ಒಂಬತ್ತೂ ಹಲಗೆ ಹಾಕಿ ಎಂದ. ತೂಬಿನವನು ಇನ್ನೂ ಅಪ್ಪನೇ. ಅಪ್ಪ ಹಾಕಿದ. ಎಂಟನೆಯದನ್ನು ಹಾಕುವಾಗ ನಾನು ಪಕ್ಕದಲ್ಲಿದ್ದೆ, ಇನ್ನೊಂದು ತುದಿ ಹಿಡಿದಿದ್ದೆ. ಅಂಗಳದಂತೆ ಸಾಪಾಗಿದ್ದ ಗುಡ್ಡೆ ನಾಲ್ಕೇ ದಿನದಲ್ಲಿ ಪೂರ್ತಿ ಒಳಗೆ ಹೋಯಿತು. ಆಮೇಲೆ ಅಪ್ಪ ಏರಿಯ ಕಡೆ ಹೋಗುವುದನ್ನು ಬಿಟ್ಟ. ಕೊಕ್ಕೆಯನ್ನು ಮಂಚದ ಕೆಳಗೆ ತಳ್ಳಿದ. ಚಳಿಗಾಲಕ್ಕೆ ಕೆಮ್ಮು ಹತ್ತಿತು. ಒಂದು ಬೆಳಗ್ಗೆ ಅಮ್ಮ ಕಾಫಿ ತಂದಿಟ್ಟಾಗ ಅವನು ಏಳಲಿಲ್ಲ.

ಏರಿಯ ಹಿಂದಿನ ಇಳಿಜಾರಿನಲ್ಲಿ ಗುಂಡಿ ತೋಡಿದರು. ಊರೆಲ್ಲ ಬಂದಿತ್ತು. ಬಾರದೆ ಇರುವಷ್ಟು ಕೆಟ್ಟವರಲ್ಲ ನಮ್ಮವರು.

ನಾನು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿದ್ದೆ. ಈಗಲಾದರೂ ಹೇಳುತ್ತೇನೆ, ಎಲ್ಲರೂ ಇದ್ದಾರೆ, ಸುಮ್ಮನಿರು ಎನ್ನಲು ಅವನಿಲ್ಲ. ಹಾಳೆ ಕೈಯಲ್ಲೇ ಇತ್ತು. ದೋಣಿಯವನು ಮತ್ತು ಇನ್ನು ಮೂವರು ಪೆಟ್ಟಿಗೆಯ ಅಡಿಯಲ್ಲಿ ಹಗ್ಗ ಹಾಕಿ, ಗುಂಡಿಯ ಮೇಲೆ ಹಿಡಿದು ನಿಂತರು. ಎಲ್ಲರೂ ನನ್ನ ಕಡೆ ನೋಡಿದರು.

“ನೀನೇ ಹೇಳ್ಬೇಕಮ್ಮ” ಎಂದರು ಟೋಪಿ ಮೇಷ್ಟ್ರು. “ಒಬ್ಬಳೇ ಮಗಳು.”

ನಾನು ಹಾಳೆ ಬಿಚ್ಚಿದೆ. ಮೊದಲ ಸಾಲು ಕಣ್ಣಿಗೆ ಕಾಣಲಿಲ್ಲ. ಹಗ್ಗ ಹಿಡಿದವರ ತೋಳು ನಡುಗುತ್ತಿತ್ತು.

“ಬೇಗ ಹೇಳಮ್ಮ, ಕೈ ಜಾರ್ತಿದೆ” ಎಂದ ದೋಣಿಯವನು.

“ಇಳಿಸಿ” ಎಂದೆ.

ಇಳಿಸಿದರು. ಈ ಸಲ ಯಾರೂ ತಪ್ಪು ತಿಳಿಯಲಿಲ್ಲ.